ಹಲ್ಲಿನ ತುರ್ತು: ಮೊದಲ ಒಂದು ಗಂಟೆ ನಿಮ್ಮ ಕೈಲಿ, ಉಳಿದದ್ದು ಸರ್ಕಾರದ ಕೈಲಿ

ಕೈ ಮುರಿದರೆ ಆಸ್ಪತ್ರೆಗೆ ಓಡ್ತೀವಿ. ಎದೆ ಹಿಡಿದುಕೊಂಡರೆ 108ಕ್ಕೆ ಫೋನ್ ಮಾಡ್ತೀವಿ. ಹಲ್ಲು ನೋವು ಬಂದರೆ ಮಾತ್ರ ಮೆಡಿಕಲ್ ಶಾಪಿನ ಮುಂದೆ ನಿಂತು, ‘ಹಲ್ಲು ನೋವಿಗೆ ಏನಾದ್ರೂ ಕೊಡಿ ಅಣ್ಣ’ ಅಂತೀವಿ. ಅವರು ಒಂದು ನೋವಿನ ಮಾತ್ರೆ, ಒಂದು ಆ್ಯಂಟಿಬಯೋಟಿಕ್ ಕೊಡ್ತಾರೆ. ಎರಡು ದಿನ ನೋವು ಹೋಗುತ್ತೆ. ಆಮೇಲೆ ಮರೀತೀವಿ. ಮತ್ತೆ ನೋವು ಬಂದಾಗ ಬೆಳಗಿನ ಜಾವ ಮೂರು ಗಂಟೆ ಆಗಿರುತ್ತೆ.

ನಾನು ದಂತವೈದ್ಯೆ. ತಾಲೂಕು ಕೇಂದ್ರವೊಂದರಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಬಾಯಿ ತೆರೆದ ಕೂಡಲೇ ಜನ ಹೇಳುವ ಮೊದಲ ಮಾತು ‘ನಂದೇ ತಪ್ಪು ಮೇಡಂ, ಸರಿಯಾಗಿ ನೋಡ್ಕೊಳ್ಳಲಿಲ್ಲ’ ಅಂತ. ಬಿಪಿ, ಶುಗರ್ ಇರುವವರು ಹೀಗೆ ಕ್ಷಮೆ ಕೇಳಿಕೊಂಡು ಡಾಕ್ಟರ ಮುಂದೆ ಕೂರುವುದು ಕಡಿಮೆ. ಹಲ್ಲಿನ ವಿಚಾರಕ್ಕೆ ಬಂದರೆ ಮಾತ್ರ ಕಾಯಿಲೆ ಅನ್ನೋದು ವೈಯಕ್ತಿಕ ಸೋಮಾರಿತನ ಆಗಿಬಿಡುತ್ತೆ. ಈ ನಾಚಿಕೆಯಿಂದ ಸರ್ಕಾರಕ್ಕೂ ಇನ್ಶೂರೆನ್ಸ್ ಕಂಪನಿಗೂ ಒಳ್ಳೆಯ ಲಾಭವಿದೆ: ಯಾರೂ ಪ್ರಶ್ನೆ ಕೇಳಲ್ಲ.

ಹಾಗಾಗಿ ಈ ಲೇಖನದಲ್ಲಿ ಎರಡು ಕೆಲಸ ಮಾಡ್ತೀನಿ. ಹಲ್ಲಿನ ತುರ್ತು ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲು ಹೇಳ್ತೀನಿ. ಅದು ಇವತ್ತೇ ಉಪಯೋಗಕ್ಕೆ ಬರಬಹುದು. ಆಮೇಲೆ, ತಡೆಯಬಹುದಾದ ಈ ತುರ್ತುಗಳು ಯಾಕೆ ತಪ್ಪುತ್ತಿಲ್ಲ, ಅದಕ್ಕೆ ಯಾರನ್ನು ಕೇಳಬೇಕು ಅನ್ನೋದು.

ಯಾವುದು ತುರ್ತು, ಯಾವುದು ಅಲ್ಲ?

ಹಲ್ಲಿನ ಎಲ್ಲ ತೊಂದರೆಯೂ ತುರ್ತಲ್ಲ. ಮೂರು ಭಾಗ ಮಾಡಿಕೊಂಡರೆ ಗೊಂದಲ ಇರಲ್ಲ.

ಒಂದು, ಜೀವಕ್ಕೆ ಅಪಾಯ ಇರುವಂಥದ್ದು. ಮುಖ, ದವಡೆ ಅಥವಾ ಗಲ್ಲದ ಕೆಳಗೆ ಊತ ಬಂದು ನುಂಗೋಕೆ, ಉಸಿರಾಡೋಕೆ ಕಷ್ಟವಾಗ್ತಿದ್ದರೆ. ಕಣ್ಣಿನ ತನಕ ಊದಿಕೊಂಡಿದ್ದರೆ. ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ. ಪೆಟ್ಟು ಬಿದ್ದು ದವಡೆ ಮುರಿದಂತಿದ್ದರೆ. ಹಲ್ಲಿಗೆ ಪೆಟ್ಟಾಗುವುದರ ಜೊತೆ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗಿದ್ದರೆ. ಇಂಥ ಸಮಯದಲ್ಲಿ ಹಲ್ಲಿನ ಕ್ಲಿನಿಕ್ ಹುಡುಕಬೇಡಿ. ನೇರ ದೊಡ್ಡ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಹೋಗಿ.

ಎರಡು, ಹಲ್ಲಿಗೆ ಅಪಾಯ ಇರುವಂಥದ್ದು. ಪೆಟ್ಟು ಬಿದ್ದು ಹಲ್ಲು ಪೂರ್ತಿ ಹೊರಬಂದಿದೆ, ಜಾಗ ಬಿಟ್ಟು ಸರಿದಿದೆ, ಮುರಿದು ಒಳಗಿನ ಕೆಂಪು ಚುಕ್ಕೆ ಕಾಣ್ತಿದೆ. ಇಲ್ಲಿ ಗಂಟೆಗಳ ಲೆಕ್ಕ. ಉದುರಿಬಿದ್ದ ಹಲ್ಲಿಗಂತೂ ನಿಮಿಷಗಳ ಲೆಕ್ಕ.

ಮೂರು, ಒಂದೆರಡು ದಿನ ಕಾಯಬಹುದಾದದ್ದು. ಸಣ್ಣ ಚೂರು ಹಾರಿಹೋಗಿದೆ, ಹಳೇ ಫಿಲ್ಲಿಂಗ್ ಬಿದ್ದಿದೆ, ಕ್ಯಾಪ್ ಕಳಚಿದೆ, ಕ್ಲಿಪ್ಪಿನ ತಂತಿ ಚುಚ್ಚುತ್ತಿದೆ. ಕಳಚಿದ ಕ್ಯಾಪನ್ನು ಡಬ್ಬಿಯಲ್ಲಿ ಹಾಕಿ ತನ್ನಿ. ಫೆವಿಕ್ವಿಕ್ ಹಾಕಿ ನೀವೇ ಅಂಟಿಸಬೇಡಿ.

ಹಲ್ಲು ಉದುರಿ ಬಿದ್ದರೆ: ಹತ್ತಿರದ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಹಾಲು

ಕಬಡ್ಡಿ ಆಡುವಾಗ, ಬೈಕಿನಿಂದ ಬಿದ್ದಾಗ, ಶಾಲೆಯ ಮೆಟ್ಟಿಲಲ್ಲಿ ಜಾರಿದಾಗ ಮುಂದಿನ ಹಲ್ಲು ಬೇರು ಸಮೇತ ಹೊರಗೆ ಬಂದುಬಿಡುತ್ತೆ. ಹಲ್ಲು ಹೋಯ್ತು ಅಂದುಕೊಂಡು ಎಸೆದು ಬರುವವರೇ ಹೆಚ್ಚು. ಇನ್ನು ಕೆಲವರು ಕರ್ಚೀಫಿನಲ್ಲಿ ಸುತ್ತಿಕೊಂಡು ಬರ್ತಾರೆ. ಎರಡರಿಂದಲೂ ಹಲ್ಲು ಉಳಿಯಲ್ಲ. ಆದರೆ ಆ ಹಲ್ಲನ್ನು ವಾಪಸ್ ಅದೇ ಜಾಗದಲ್ಲಿ ಕೂರಿಸಬಹುದು.

ಬೇರಿನ ಮೇಲೆ ತೆಳ್ಳಗೆ ಜೀವಕೋಶಗಳ ಪದರ ಇರುತ್ತೆ. ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿಯೋದು ಅದೇ. ಗಾಳಿಗೆ ಒಣಗಿದರೆ ಆ ಕೋಶಗಳು ಸಾಯ್ತಾ ಹೋಗ್ತವೆ. ಸುಮಾರು ಒಂದು ಗಂಟೆ ಒಣಗಿಯೇ ಇದ್ದರೆ ಬಹುಪಾಲು ಸತ್ತಿರುತ್ತವೆ. ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು:

- ಹಲ್ಲನ್ನು ಹುಡುಕಿ. ಬಿಳಿ ಭಾಗ, ಅಂದರೆ ಬಾಯಲ್ಲಿ ಕಾಣುವ ಭಾಗವನ್ನು ಮಾತ್ರ ಹಿಡಿಯಿರಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ, ಸೋಪು, ಡೆಟಾಲ್ ಹಾಕಬೇಡಿ.
- ಮಣ್ಣಾಗಿದ್ದರೆ ತಣ್ಣಗಿನ ಹಾಲಿನಲ್ಲಿ ಒಮ್ಮೆ ಅದ್ದಿ ತೆಗೆಯಿರಿ. ಹಾಲಿಲ್ಲದಿದ್ದರೆ ಕೆಲವೇ ಸೆಕೆಂಡು ನೀರಿನಲ್ಲಿ ತೊಳೆದರೂ ಆದೀತು.
- ಪೆಟ್ಟಾದವರಿಗೆ ಪ್ರಜ್ಞೆ ಚೆನ್ನಾಗಿದ್ದರೆ, ಹಲ್ಲನ್ನು ಪಕ್ಕದ ಹಲ್ಲುಗಳ ಸಾಲಿಗೆ ಸರಿಯಾಗಿ ಹಿಡಿದು ಅದೇ ಗುಳಿಗೆ ಮೆಲ್ಲಗೆ ಒತ್ತಿ ಕೂರಿಸಿ. ಶುಭ್ರವಾದ ಬಟ್ಟೆ ಮಡಚಿ ಕಚ್ಚಿಕೊಳ್ಳಲು ಹೇಳಿ. ಇದಕ್ಕೆ ಧೈರ್ಯ ಬೇಕು, ನಿಜ. ಆದರೆ ಇದಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ ಇನ್ನೊಂದಿಲ್ಲ.
- ಅಷ್ಟು ಧೈರ್ಯ ಇಲ್ಲವಾದರೆ ಹಲ್ಲನ್ನು ಹಾಲಿನಲ್ಲಿ ಮುಳುಗಿಸಿ ತನ್ನಿ. ಅಂಗಡಿಯ ನಂದಿನಿ ಪ್ಯಾಕೆಟ್ ಹಾಲು ಸಾಕು. ಅದೂ ಸಿಗದಿದ್ದರೆ ಒಂದು ಲೋಟದಲ್ಲಿ ಅವರದೇ ಎಂಜಲು ಉಗುಳಿಸಿ ಅದರಲ್ಲಿ ಹಾಕಿ. ನೀರಿನಲ್ಲಿ ಇಟ್ಟರೆ ಕೋಶಗಳು ಒಡೆಯುತ್ತವೆ. ಆದರೆ ಏನೂ ಇಲ್ಲದಿದ್ದಾಗ ಒಣಗಲು ಬಿಡುವುದಕ್ಕಿಂತ ನೀರೂ ವಾಸಿ.
- ಅರ್ಧ ಗಂಟೆಯೊಳಗೆ ದಂತವೈದ್ಯರ ಹತ್ತಿರ ತಲುಪೋಕೆ ನೋಡಿ. ತಡವಾಯ್ತು ಅಂತ ಹಲ್ಲನ್ನು ಬಿಟ್ಟು ಬರಬೇಡಿ. ಟಿಟಿ ಇಂಜೆಕ್ಷನ್ ಬೇಕೇ ಅಂತಲೂ ಕೇಳಿ.

ಒಂದು ಎಚ್ಚರಿಕೆ: ಹಾಲು ಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು. ಅದರ ಮೇಲೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಏಟಾಗುತ್ತೆ. ಮುಂದಿನ ಶಾಶ್ವತ ಹಲ್ಲುಗಳು ಆರರಿಂದ ಎಂಟನೇ ವಯಸ್ಸಿನಲ್ಲಿ ಬರುತ್ತವೆ. ಆ ವಯಸ್ಸಿನ ಮಗುವಾಗಿದ್ದು ಯಾವ ಹಲ್ಲು ಅಂತ ಗೊತ್ತಾಗದಿದ್ದರೆ, ಕೂರಿಸಲು ಹೋಗದೆ ಹಾಲಿನಲ್ಲಿ ಹಾಕಿ ತನ್ನಿ. ನಾವು ನೋಡಿ ಹೇಳ್ತೀವಿ.

ಇದೆಲ್ಲ ಒಂದು ಎ4 ಹಾಳೆಯಲ್ಲಿ ಹಿಡಿಸುತ್ತೆ. ಪ್ರತಿ ಶಾಲೆಯ ಪಿಟಿ ಟೀಚರ್ ಕೊಠಡಿಯ ಗೋಡೆಗೆ ಅಂಟಿಸೋಕೆ ಯಾವ ಬಜೆಟ್ಟೂ ಬೇಡ.

ಮಧ್ಯರಾತ್ರಿಯ ನೋವು

ಹಲ್ಲಿನ ಒಳಗೆ ನರ, ರಕ್ತನಾಳ ಇರುವ ಮೆತ್ತನೆಯ ಭಾಗವಿದೆ. ಸುತ್ತ ಗಟ್ಟಿ ಗೋಡೆ. ಹುಳುಕು ಅಲ್ಲಿ ತನಕ ತಲುಪಿದಾಗ ಒಳಗಿನ ಭಾಗ ಊದಿಕೊಳ್ಳುತ್ತೆ, ಆದರೆ ಊದಿಕೊಳ್ಳೋಕೆ ಜಾಗ ಇಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಸ್ವಲ್ಪ ಹೆಚ್ಚುತ್ತೆ. ರಾತ್ರಿ ನೋವು ಜೋರಾಗೋದು ಇದಕ್ಕೇ. ಎರಡು ದಿಂಬು ಹಾಕಿಕೊಂಡು ತಲೆ ಎತ್ತರಿಸಿ ಮಲಗಿದರೆ ಸ್ವಲ್ಪ ತಡೆದುಕೊಳ್ಳಬಹುದು.

ಬೆಳಗಾಗುವ ತನಕ ಬೇರೇನು ಮಾಡಬಹುದು? ಉಗುರು ಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ. ಹಲ್ಲಿನ ಸಂದಿಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ದಾರದಿಂದ ಮೆಲ್ಲಗೆ ತೆಗೆಯಿರಿ. ಬೇರೆ ಕಾಯಿಲೆ ಇಲ್ಲದ ದೊಡ್ಡವರು ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. 24 ಗಂಟೆಯಲ್ಲಿ ಒಟ್ಟು 4 ಗ್ರಾಂ ದಾಟಬಾರದು. ಊಟದ ನಂತರ ಐಬುಪ್ರೊಫೇನ್ 400 ಮಿಲಿಗ್ರಾಂ ಹಲ್ಲುನೋವಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಹೊಟ್ಟೆಯಲ್ಲಿ ಅಲ್ಸರ್, ಕಿಡ್ನಿ ತೊಂದರೆ, ಅಸ್ತಮಾ ಇರುವವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಡೆಂಗ್ಯೂ ಅನುಮಾನ ಇರುವವರು ಐಬುಪ್ರೊಫೇನ್ ಮುಟ್ಟಬಾರದು.

ಮಾಡಬಾರದ್ದರ ಪಟ್ಟಿ ಇದಕ್ಕಿಂತ ಮುಖ್ಯ. ಆಸ್ಪಿರಿನ್ ಪುಡಿ ಮಾಡಿ ಒಸಡಿನ ಮೇಲೆ ಇಡಬೇಡಿ, ಒಸಡು ಸುಡುತ್ತೆ. ಲವಂಗದ ಎಣ್ಣೆ ಹತ್ತಿಯಲ್ಲಿ ಒಂದು ಹನಿ, ಹುಳುಕಿನ ಗುಳಿಯ ಮೇಲೆ ಮಾತ್ರ. ಅದು ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ ಅಷ್ಟೇ, ವಾಸಿ ಮಾಡಲ್ಲ. ಹೊಗೆಸೊಪ್ಪು, ಸೀಮೆಎಣ್ಣೆ ಯಾವುದೂ ಬೇಡ. ಊತ ಇದ್ದರೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ.

ಇನ್ನು ಆ ಆ್ಯಂಟಿಬಯೋಟಿಕ್ ವಿಚಾರ. ಊತ, ಜ್ವರ ಇಲ್ಲದ ಬರೀ ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಪ್ರಯೋಜನಕ್ಕೆ ಬರಲ್ಲ. 2019ರಲ್ಲಿ ಅಮೆರಿಕದ ದಂತವೈದ್ಯರ ಸಂಘ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತೆ. ಹಲ್ಲನ್ನು ತೆರೆದು ಒಳಗಿನ ಸೋಂಕು ತೆಗೆಯಬೇಕು, ಇಲ್ಲವೇ ಹಲ್ಲು ಕೀಳಬೇಕು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ನಾವೆಲ್ಲ ಆತಂಕಪಡುತ್ತೇವಲ್ಲ, ಚೀಟಿ ಇಲ್ಲದೆ ಕೌಂಟರಿನಲ್ಲಿ ಸಿಗುವ ಈ ‘ಹಲ್ಲು ನೋವಿನ ಮಾತ್ರೆ’ಗೂ ಅದರಲ್ಲಿ ಪಾಲಿದೆ.

ಮತ್ತೊಂದು ಮಾತು: ವಾರಗಟ್ಟಲೆ ಕಾಡಿದ ನೋವು ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋದರೆ ಖುಷಿಪಡಬೇಡಿ. ಬಹುತೇಕ ಒಳಗಿನ ನರ ಸತ್ತಿರುತ್ತೆ. ಸೋಂಕು ಈಗ ಸದ್ದಿಲ್ಲದೆ ಬೇರಿನ ತುದಿಗೆ, ಮೂಳೆಗೆ ಇಳಿಯುತ್ತಿರುತ್ತೆ.

ನಮ್ಮ ಭಾಷೆಯಲ್ಲೇ ಹಲ್ಲಿಗೆ ‘ಹುಳ ಹಿಡಿಯುತ್ತೆ’. ಇದನ್ನೇ ಬಂಡವಾಳ ಮಾಡಿಕೊಂಡು ಸಂತೆ, ಜಾತ್ರೆಗಳಲ್ಲಿ ಕಾಡುಬದನೆ ಬೀಜದ ಹೊಗೆ ಹಾಕಿ ‘ಹುಳ ತೆಗೆದು’ ತೋರಿಸುವವರು ಇವತ್ತಿಗೂ ಇದ್ದಾರೆ. ಹಲ್ಲಿನಲ್ಲಿ ಹುಳ ಇರಲ್ಲ. ನಾವು ತಿಂದ ಸಕ್ಕರೆಯನ್ನು ಬ್ಯಾಕ್ಟೀರಿಯಾಗಳು ಆಮ್ಲ ಮಾಡ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತೆ. ಹುಳುಕು ಅಂದರೆ ಇಷ್ಟೇ. ಆದರೆ ಹೊಗೆ ಹಾಕಿಸಿಕೊಂಡವರನ್ನು ನೋಡಿ ನಗುವ ಮೊದಲು ಒಂದು ಪ್ರಶ್ನೆ: ಆ ಸಂತೆಯಿಂದ ಹತ್ತಿರದ ಸರ್ಕಾರಿ ದಂತವೈದ್ಯರು ಎಷ್ಟು ಕಿಲೋಮೀಟರ್ ದೂರ?

ಊತವನ್ನು ಹಗುರವಾಗಿ ನೋಡಬೇಡಿ

ಹಲ್ಲಿನ ಕೀವಿನಿಂದ ಜನ ಸಾಯ್ತಾರೆ. ಇದು ಹೆದರಿಸೋಕೆ ಹೇಳ್ತಿರೋ ಮಾತಲ್ಲ. ಕೆಳಗಿನ ದವಡೆಯ ಹಲ್ಲುಗಳ ಸೋಂಕು ನಾಲಿಗೆಯ ಕೆಳಗೆ, ಗಲ್ಲದ ಕೆಳಗೆ ಹರಡಿ ಉಸಿರಿನ ದಾರಿಯನ್ನೇ ಮುಚ್ಚಬಹುದು. 1836ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲುಡ್ವಿಗ್ ಹೆಸರಿನಲ್ಲಿ ಈ ಸ್ಥಿತಿಯನ್ನು ‘ಲುಡ್ವಿಗ್ಸ್ ಆಂಜೈನಾ’ ಅಂತ ಕರೀತಾರೆ. ಗಲ್ಲದ ಕೆಳಗೆ ಎರಡೂ ಕಡೆ ಗಟ್ಟಿ ಊತ, ನಾಲಿಗೆ ಮೇಲೆದ್ದಿರುವುದು, ಜೊಲ್ಲು ನುಂಗೋಕೂ ಆಗದಿರುವುದು, ಬಾಯಿ ತೆರೆಯಲಾಗದಿರುವುದು, ಮಾತು ಬದಲಾಗುವುದು, ಜ್ವರ. ಇವುಗಳಲ್ಲಿ ಒಂದೆರಡು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಶುಗರ್ ಇರುವವರಲ್ಲಿ ಇದು ಇನ್ನೂ ಬೇಗ ಹರಡುತ್ತೆ.

2007ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಡಿಯಾಮಾಂಟೆ ಡ್ರೈವರ್ ಅನ್ನೋ 12 ವರ್ಷದ ಹುಡುಗ ತೀರಿಕೊಂಡ. ಹುಳುಕು ಹಲ್ಲಿನ ಸೋಂಕು ಮೆದುಳಿಗೆ ಹೋಗಿತ್ತು. ಆ ಹಲ್ಲು ಕೀಳಿಸಲು ಬೇಕಿದ್ದದ್ದು ಸುಮಾರು 80 ಡಾಲರ್. ಅವನ ಕುಟುಂಬ ಬಡವರದ್ದು. ಸರ್ಕಾರಿ ವಿಮೆ ಒಪ್ಪಿಕೊಳ್ಳುವ ದಂತವೈದ್ಯರು ಸಿಗುವುದೇ ಕಷ್ಟವಾಗಿತ್ತು. ಕೊನೆಗೆ ಎರಡು ಮೆದುಳಿನ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆ, ಸುಮಾರು 2.5 ಲಕ್ಷ ಡಾಲರ್ ಬಿಲ್. ಹುಡುಗ ಉಳಿಯಲಿಲ್ಲ. ಆ ಸಾವು ಅಲ್ಲಿ ರಾಜಕೀಯ ಚರ್ಚೆಯಾಯಿತು. 2009ರಲ್ಲಿ ಬಡಮಕ್ಕಳ ಆರೋಗ್ಯ ವಿಮೆಯ ಕಾನೂನನ್ನು ನವೀಕರಿಸಿದಾಗ ಹಲ್ಲಿನ ಚಿಕಿತ್ಸೆಯನ್ನು ಕಡ್ಡಾಯವಾಗಿ ಸೇರಿಸಲಾಯಿತು.

ನಮ್ಮಲ್ಲಿ ಇಂಥ ಸಾವುಗಳು ‘ಜ್ವರ ಬಂದು ಹೋದ್ರು’, ‘ಶುಗರ್ ಜಾಸ್ತಿಯಾಗಿತ್ತು’ ಅನ್ನೋ ಮಾತಿನಲ್ಲಿ ಮುಗಿದುಬಿಡುತ್ತವೆ. ಹಲ್ಲಿನ ಹೆಸರೇ ಬರಲ್ಲ.

ಹಲ್ಲು ಕಿತ್ತ ಮೇಲೆ ರಕ್ತ ನಿಲ್ಲದಿದ್ದರೆ

ಶುಭ್ರವಾದ ಬಟ್ಟೆ ಅಥವಾ ಗಾಜನ್ನು ಒದ್ದೆ ಮಾಡಿ, ದಪ್ಪಗೆ ಮಡಚಿ, ಗಾಯದ ಮೇಲಿಟ್ಟು 20ರಿಂದ 30 ನಿಮಿಷ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ಮಧ್ಯೆ ಮಧ್ಯೆ ತೆಗೆದು ನೋಡಬೇಡಿ. ಪದೇ ಪದೇ ಉಗುಳಬೇಡಿ, ಮೊದಲ ದಿನ ಬಾಯಿ ಮುಕ್ಕಳಿಸಬೇಡಿ, ಸ್ಟ್ರಾದಲ್ಲಿ ಕುಡಿಯಬೇಡಿ, ಬೀಡಿ ಸಿಗರೇಟು ಸೇದಬೇಡಿ. ಹೆಪ್ಪುಗಟ್ಟಿದ ರಕ್ತ ಕಳಚಿಹೋಗುತ್ತೆ. ಎಂಜಲಿನಲ್ಲಿ ಸ್ವಲ್ಪ ಕೆಂಪು ಇರೋದು ಸಹಜ. ಬಾಯಿ ತುಂಬಾ ರಕ್ತ ಬರ್ತಿದ್ದರೆ ಆಸ್ಪತ್ರೆಗೆ ಹೋಗಿ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಲ್ಲು ಕೀಳುವ ಮೊದಲೇ ಹೇಳಿ, ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹೋಗೋದಾದರೂ ಎಲ್ಲಿಗೆ?

ಇಲ್ಲಿ ತನಕ ‘ದಂತವೈದ್ಯರ ಹತ್ತಿರ ಹೋಗಿ’ ಅಂತ ಸುಲಭವಾಗಿ ಹೇಳಿಬಿಟ್ಟೆ. ಹೋಗೋದು ಅಷ್ಟು ಸುಲಭವಲ್ಲ.

ಹಲ್ಲನ್ನು ದೇಹದಿಂದ ಬೇರೆ ಮಾಡಿದ್ದಕ್ಕೆ ಒಂದು ಚರಿತ್ರೆ ಇದೆ. 1840ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೆಡಿಕಲ್ ಕಾಲೇಜಿನಿಂದ ಪ್ರತ್ಯೇಕವಾಗಿ ಮೊದಲ ದಂತ ಕಾಲೇಜು ಶುರುವಾಯ್ತು. ಭಾರತದಲ್ಲಿ 1920ರಲ್ಲಿ ಡಾ. ರಫಿಯುದ್ದೀನ್ ಅಹ್ಮದ್ ಕಲ್ಕತ್ತಾದಲ್ಲಿ ಮೊದಲ ದಂತ ಕಾಲೇಜು ಕಟ್ಟಿದರು. ಆಮೇಲೆ 1948ರ ದಂತವೈದ್ಯರ ಕಾಯ್ದೆ, ಈಗ ಅದರ ಜಾಗಕ್ಕೆ 2023ರ ರಾಷ್ಟ್ರೀಯ ದಂತ ಆಯೋಗ ಕಾಯ್ದೆ. ಬೇರೆ ಕಾಲೇಜು, ಬೇರೆ ಡಿಗ್ರಿ, ಬೇರೆ ಕಾನೂನು. ಪ್ರತ್ಯೇಕ ವೃತ್ತಿಯಾಗಿ ಬೆಳೆದದ್ದರಿಂದ ಒಳ್ಳೆಯದೂ ಆಗಿದೆ. ಆದರೆ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಕಟ್ಟುವಾಗ ಬಾಯಿ ಹೊರಗೇ ಉಳೀತು.

ಕರ್ನಾಟಕದ ವಿಪರ್ಯಾಸ ನೋಡಿ. ನಮ್ಮ ರಾಜ್ಯದಲ್ಲಿ 40ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಬಹುಪಾಲು ಖಾಸಗಿ. ಬೆಂಗಳೂರಿನ ಕೋಟೆ ಪ್ರದೇಶದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಒಂದು, ಬಳ್ಳಾರಿಯಲ್ಲಿ ಒಂದು ಸರ್ಕಾರಿ ದಂತ ಕಾಲೇಜು ಇದೆ. ವರ್ಷವರ್ಷವೂ ಸಾವಿರಾರು ಬಿಡಿಎಸ್ ಪದವೀಧರರು ಹೊರಬರ್ತಾರೆ. ಅವರಲ್ಲಿ ಎಷ್ಟೋ ಜನ ಬೆಂಗಳೂರಿನ ಕ್ಲಿನಿಕ್‌ಗಳಲ್ಲಿ ಸಣ್ಣ ಸಂಬಳಕ್ಕೆ ದುಡಿಯುತ್ತಾರೆ, ಇಲ್ಲವೇ ವೃತ್ತಿಯನ್ನೇ ಬಿಡ್ತಾರೆ. ಇತ್ತ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ಹಲ್ಲಿನ ಕುರ್ಚಿಯೇ ಇರಲ್ಲ. ತಾಲೂಕು ಆಸ್ಪತ್ರೆಯಲ್ಲಿ ಇದ್ದರೂ ಹಗಲು ಹೊತ್ತು ಮಾತ್ರ. ಕೂಲಿ ಬಿಟ್ಟು, ಬಸ್ ಹಿಡಿದು ಬಂದವರಿಗೆ ಮತ್ತೆ ಮತ್ತೆ ಬರೋಕೆ ಆಗಲ್ಲ. ರೂಟ್ ಕೆನಾಲ್‌ಗೆ ಎರಡು ಮೂರು ಸಲ ಬರಬೇಕಾಗಬಹುದು, ಖಾಸಗಿಯಲ್ಲಾದರೆ ಕೆಲವು ಸಾವಿರ ರೂಪಾಯಿ ಬೇಕು. ಕೀಳಿಸಿಕೊಂಡರೆ ಒಂದೇ ಸಲಕ್ಕೆ ಮುಗೀತು. ‘ಕಿತ್ತುಬಿಡಿ ಮೇಡಂ’ ಅನ್ನುವ ಮಾತನ್ನು ನಾನು ಅತಿ ಹೆಚ್ಚು ಕೇಳೋದು ದಿನಗೂಲಿ ಮಾಡುವವರಿಂದ. ಅವರಿಗೆ ಹಲ್ಲಿನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಲೆಕ್ಕ ಹಾಕಿಯೇ ಹೇಳ್ತಾರೆ.

ಇನ್ಶೂರೆನ್ಸ್? ಬಹುತೇಕ ಆರೋಗ್ಯ ವಿಮೆಗಳಲ್ಲಿ ಹಲ್ಲಿನ ಚಿಕಿತ್ಸೆ ಹೊರಗೇ ಇರುತ್ತೆ. ಅಪಘಾತದಿಂದ ಆಸ್ಪತ್ರೆಗೆ ಸೇರಿದರೆ ಮಾತ್ರ ಒಳಗೆ. ಆಯುಷ್ಮಾನ್ ಭಾರತ್‌ನಂಥ ಯೋಜನೆಗಳೂ ನೋಡುವುದು ಆಸ್ಪತ್ರೆಗೆ ದಾಖಲಾಗುವ ದೊಡ್ಡ ಚಿಕಿತ್ಸೆಗಳನ್ನು. ಅಂದರೆ ದವಡೆ ಮುರಿದರೆ ವ್ಯವಸ್ಥೆ ನಿಮ್ಮನ್ನು ಗುರುತಿಸುತ್ತೆ, ಹಲ್ಲು ಹುಳುಕಾದರೆ ಗುರುತಿಸಲ್ಲ. ಇಎಸ್‌ಐ ಕಾರ್ಡ್ ಇರುವವರಿಗೆ ಒಂದು ಮಾತು: ಇಎಸ್‌ಐ ಆಸ್ಪತ್ರೆಗಳಲ್ಲಿ ಹಲ್ಲಿನ ವಿಭಾಗ ಇರುತ್ತೆ, ಬಳಸಿಕೊಳ್ಳಿ. ಹತ್ತಿರದಲ್ಲಿ ದಂತ ಕಾಲೇಜು ಇದ್ದರೆ ಅಲ್ಲಿ ಖಾಸಗಿ ಕ್ಲಿನಿಕ್‌ಗಿಂತ ಬಹಳ ಕಡಿಮೆಗೆ ಚಿಕಿತ್ಸೆ ಸಿಗುತ್ತೆ. ಹೊತ್ತು ಹೆಚ್ಚು ಹಿಡಿಯುತ್ತೆ ಅಷ್ಟೇ.

ಸರ್ಕಾರ ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತೆ. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕಾಲದಲ್ಲಿ ದಂತ ಭಾಗ್ಯ ಯೋಜನೆ ಬಂತು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ಯೋಜನೆ. ಹಲ್ಲಿಲ್ಲದೆ ಮುದ್ದೆ, ಗಂಜಿಯಲ್ಲೇ ದಿನ ದೂಡುತ್ತಿದ್ದವರು ಮತ್ತೆ ರೊಟ್ಟಿ ತಿಂದರೆ ಅದು ಸಣ್ಣ ಸಂಗತಿಯಲ್ಲ. ಆದರೆ ಆ ಯೋಜನೆಯ ಫಲಾನುಭವಿ ಆಗಬೇಕಾದರೆ ಮೊದಲು ಹಲ್ಲು ಕಳೆದುಕೊಂಡಿರಬೇಕು! ಹಲ್ಲು ಹೋದ ಮೇಲೆ ಬರುವ ಸರ್ಕಾರ, ಹಲ್ಲು ಇದ್ದಾಗಲೇ ಯಾಕೆ ಬರಲ್ಲ?

ಕಾಗದದ ಮೇಲೆ ಅದೂ ಇದೆ. 2014-15ರಿಂದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಇದೆ. ಜಿಲ್ಲಾ ಆಸ್ಪತ್ರೆ ಮತ್ತು ಅದಕ್ಕಿಂತ ಕೆಳಗಿನ ಹಂತಕ್ಕೆ ಕುರ್ಚಿ, ಸಲಕರಣೆ, ಸಿಬ್ಬಂದಿಗೆ ನೆರವು ಕೊಡುವುದು ಅದರ ಉದ್ದೇಶ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಕೊಡಬೇಕಾದ 12 ಸೇವೆಗಳಲ್ಲಿ ಬಾಯಿಯ ಪ್ರಾಥಮಿಕ ಆರೈಕೆಯೂ ಒಂದು. ನಿಮ್ಮೂರಿನ ಕೇಂದ್ರದಲ್ಲಿ ಅದು ಸಿಗುತ್ತಾ ಅಂತ ಹೋಗಿ ಕೇಳಿ ನೋಡಿ.

ಬೇರೆ ದಾರಿ ಇದೆ ಅನ್ನೋದಕ್ಕೆ ಬ್ರೆಜಿಲ್ ಸಾಕ್ಷಿ. ನಮ್ಮಷ್ಟೇ ಅಸಮಾನತೆಯಿಂದ ನರಳುವ ಆ ದೇಶ 2004ರಲ್ಲಿ, ಲುಲಾ ಅಧ್ಯಕ್ಷರಾಗಿದ್ದಾಗ, ‘ನಗುವ ಬ್ರೆಜಿಲ್’ ಅನ್ನುವ ಅರ್ಥದ ಕಾರ್ಯಕ್ರಮ ತಂದು ದಂತವೈದ್ಯರನ್ನು ಕುಟುಂಬ ಆರೋಗ್ಯ ತಂಡಗಳ ಜೊತೆ ಸೇರಿಸಿತು. 2023ರಲ್ಲಿ ಅದನ್ನು ಕಾನೂನಾಗಿಯೇ ಮಾಡಿಕೊಂಡಿತು.

ತಡೆಯೋದು ಹೇಗೆ?

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ. ಬಹುಪಾಲು ತಡೆಯಬಹುದಾದವು. ಮನೆಯಲ್ಲಿ ಮಾಡಬಹುದಾದ ಕೆಲಸಗಳು ಕಡಿಮೆ, ಆದರೆ ಅವು ನಿಜವಾಗಿ ಕೆಲಸ ಮಾಡುತ್ತವೆ.

ದಿನಕ್ಕೆ ಎರಡು ಸಲ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಬ್ರಷ್ ಮಾಡಿ. ಟ್ಯೂಬಿನ ಮೇಲೆ 1,000 ಪಿಪಿಎಂ ಅಥವಾ ಹೆಚ್ಚು ಅಂತ ಇದೆಯಾ ನೋಡಿ. ಇದ್ದಿಲು, ಉಪ್ಪು, ಲವಂಗ ಅಂತ ದೊಡ್ಡ ಅಕ್ಷರದಲ್ಲಿ ಬರೆದ ಎಷ್ಟೋ ಪೇಸ್ಟುಗಳಲ್ಲಿ ಫ್ಲೋರೈಡ್ ಇರಲ್ಲ. ಬೆಳಗಿನದ್ದಕ್ಕಿಂತ ರಾತ್ರಿ ಮಲಗುವ ಮುಂಚಿನ ಬ್ರಷ್ ಮುಖ್ಯ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಹಲ್ಲಿಗೆ ರಕ್ಷಣೆ ಇರಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಪೇಸ್ಟ್ ಸಾಕು. ಪಾವಗಡದಂತೆ ಅಂತರ್ಜಲದಲ್ಲೇ ಫ್ಲೋರೈಡ್ ಜಾಸ್ತಿ ಇರುವ ಕಡೆ ಮಕ್ಕಳು ಪೇಸ್ಟ್ ನುಂಗದಂತೆ ವಿಶೇಷವಾಗಿ ನೋಡಿಕೊಳ್ಳಿ. ಅಲ್ಲಿನ ನಿಜವಾದ ಪರಿಹಾರ ಶುದ್ಧ ಕುಡಿಯುವ ನೀರು, ಅದು ಮತ್ತೆ ರಾಜಕೀಯವೇ.

ಸಕ್ಕರೆ ಎಷ್ಟು ತಿಂತೀವಿ ಅನ್ನೋದರ ಜೊತೆ ಎಷ್ಟು ಸಲ ತಿಂತೀವಿ ಅನ್ನೋದೂ ಲೆಕ್ಕ. ಊಟದ ಜೊತೆ ಒಮ್ಮೆ ಸಿಹಿ ತಿನ್ನೋದಕ್ಕಿಂತ ದಿನಕ್ಕೆ ಆರು ಸಲ ಸಕ್ಕರೆ ಚಹಾ, ಬಿಸ್ಕೆಟ್ ಹಲ್ಲಿಗೆ ಕೆಟ್ಟದ್ದು. ಬೆಲ್ಲವಾದರೂ ಅಷ್ಟೇ. ರಾತ್ರಿ ಪಾಳಿಯಲ್ಲಿ ಕೂಲ್‌ಡ್ರಿಂಕ್ ಗುಟುಕರಿಸುತ್ತಾ ಎಚ್ಚರ ಇರುವ ಡೆಲಿವರಿ ಹುಡುಗರಿಗೆ ‘ಸಕ್ಕರೆ ಬಿಡಿ’ ಅನ್ನೋದು ಸುಲಭ. ಅವರ ಕೆಲಸದ ಗಂಟೆಗಳ ಬಗ್ಗೆಯೂ ಮಾತಾಡಬೇಕು.

ಬೈಕಿನಲ್ಲಿ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಹಾಕಿ. ದಂಡ ತಪ್ಪಿಸಿಕೊಳ್ಳೋಕೆ ತಲೆ ಮೇಲಿಟ್ಟುಕೊಳ್ಳುವ ಟೊಪ್ಪಿಯಂಥ ಅರ್ಧ ಹೆಲ್ಮೆಟ್ ನಿಮ್ಮ ದವಡೆಯನ್ನೂ ಹಲ್ಲನ್ನೂ ಕಾಯಲ್ಲ, ತಲೆಯನ್ನೂ ಸರಿಯಾಗಿ ಕಾಯಲ್ಲ. ಕಬಡ್ಡಿ, ಹಾಕಿ, ಬಾಕ್ಸಿಂಗ್ ಆಡುವವರು ಮೌತ್‌ಗಾರ್ಡ್ ಹಾಕಿಕೊಳ್ಳಿ.

ಗುಟ್ಕಾ, ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯೋದೇ ಕಡಿಮೆಯಾಗುತ್ತೆ. ಎರಡು ಬೆರಳಷ್ಟೂ ತೆರೆಯದ ಬಾಯಿಯಲ್ಲಿ ದವಡೆ ಹಲ್ಲಿನ ತುರ್ತು ಬಂದರೆ ಚಿಕಿತ್ಸೆ ಮಾಡೋದಾದರೂ ಹೇಗೆ? ಕರ್ನಾಟಕ 2013ರಲ್ಲೇ ಗುಟ್ಕಾ ನಿಷೇಧಿಸಿದೆ. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಬೆರೆಸಿಕೊಳ್ಳುವ ಕೆಲಸ ಮಾತ್ರ ಗಿರಾಕಿಯದ್ದು. ಬಾಯಲ್ಲಿ ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನೋವಿಲ್ಲದಿದ್ದರೂ ತೋರಿಸಿ.

ನಾವು ಏನು ಕೇಳಬೇಕು?

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಟೂತ್‌ಪೇಸ್ಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಾವು 2025ರ ಸೆಪ್ಟೆಂಬರ್ ತನಕ ಅದೇ ಪೇಸ್ಟಿನ ಮೇಲೆ ಶೇ. 18 ಜಿಎಸ್‌ಟಿ ಕಟ್ಟಿದೆವು. ಈಗ ಶೇ. 5 ಆಗಿದೆ. ಒಳ್ಳೆಯದು. ಅತ್ಯಗತ್ಯ ಅಂದ ಮೇಲೆ ಆ 5 ಕೂಡ ಯಾಕೆ, ಅಂಗನವಾಡಿಯಲ್ಲಿ, ಸರ್ಕಾರಿ ಶಾಲೆಯಲ್ಲಿ ಪುಕ್ಕಟೆ ಯಾಕೆ ಕೊಡಬಾರದು ಅಂತ ಕೇಳಬಹುದು.

ಹತ್ತಿರದಲ್ಲೇ ಮಾಡಬಹುದಾದ ಕೆಲಸವೂ ಇದೆ. ಮಾಹಿತಿ ಹಕ್ಕಿನಡಿ ನಿಮ್ಮ ತಾಲೂಕು ಆಸ್ಪತ್ರೆಗೆ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ. ನಾಲ್ಕು ಪ್ರಶ್ನೆ ಸಾಕು. ದಂತವೈದ್ಯರ ಹುದ್ದೆ ಎಷ್ಟು, ಖಾಲಿ ಎಷ್ಟು? ಎಕ್ಸ್‌ರೇ ಯಂತ್ರ ಕೆಲಸ ಮಾಡ್ತಿದೆಯಾ? ಭಾನುವಾರ ಮತ್ತು ರಾತ್ರಿ ಹಲ್ಲಿನ ತುರ್ತು ಬಂದರೆ ಯಾರು ನೋಡ್ತಾರೆ? ಕಳೆದ ವರ್ಷ ಕಿತ್ತ ಹಲ್ಲುಗಳೆಷ್ಟು, ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಮಾಡಿ ಉಳಿಸಿದ ಹಲ್ಲುಗಳೆಷ್ಟು? 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನು ಹೇಳುತ್ತೆ.

ನನ್ನ ಪ್ರಕಾರ ಕೊನೆಯ ಪ್ರಶ್ನೆಯೇ ಮುಖ್ಯ. ಕಿತ್ತದ್ದೆಷ್ಟು, ಉಳಿಸಿದ್ದೆಷ್ಟು ಅನ್ನುವ ಆ ಎರಡು ಸಂಖ್ಯೆಗಳು ಒಂದು ತಾಲೂಕಿನಲ್ಲಿ ಬಡವರ ದೇಹಕ್ಕೆ ಎಷ್ಟು ಬೆಲೆ ಇದೆ ಅನ್ನೋದನ್ನು ಯಾವ ಭಾಷಣಕ್ಕಿಂತಲೂ ಸ್ಪಷ್ಟವಾಗಿ ಹೇಳುತ್ತವೆ. ಉತ್ತರ ಬಂದರೆ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಿ, ಶಾಸಕರಿಗೆ ಕೊಡಿ, ಜಾಲತಾಣದಲ್ಲಿ ಹಾಕಿ.

ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಮೇಲಿನ ಹಾಲಿನ ವಿಚಾರವನ್ನು ನಿಮ್ಮೂರಿನ ಶಾಲೆಯ ಪಿಟಿ ಟೀಚರಿಗೆ ಹೇಳಿ ಬನ್ನಿ.